ಮುಂಗಾರಿನ ಡೇಟಾ ಹುಡುಕುವ ದಾರಿ: ಇಎಸ್‌ಜಿಎಫ್ ಗ್ರಿಡ್‌ನಲ್ಲಿ ನನ್ನ ಅನುಭವ

ಕರ್ನಾಟಕದ ಮುಂಗಾರು ಈ ಶತಮಾನದ ಕೊನೆಗೆ ಹೇಗಿರಬಹುದು ಎಂದು ಹವಾಮಾನ ಮಾದರಿಗಳಲ್ಲಿ ನೋಡುವುದು ನನ್ನ ಕೆಲಸ. ಆ ಮಾದರಿಗಳನ್ನು ನಾನು ಓಡಿಸುವುದಿಲ್ಲ. ಸಿಎಂಐಪಿ6 ಎಂಬ ಅಂತರರಾಷ್ಟ್ರೀಯ ಯೋಜನೆಯಲ್ಲಿ ಹತ್ತಾರು ಸಂಸ್ಥೆಗಳು ಓಡಿಸಿವೆ. ಪುಣೆಯ ಉಷ್ಣವಲಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಕೂಡ ಅದರಲ್ಲಿದೆ. ಫಲಿತಾಂಶದ ಫೈಲ್‌ಗಳು ಒಂದೇ ಕಡೆ ಇಲ್ಲ. ಅಮೆರಿಕದ ಲಿವರ್‌ಮೋರ್, ಜರ್ಮನಿಯ ಹ್ಯಾಂಬರ್ಗ್, ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯಾ ಹೀಗೆ ಹಲವು ದೇಶಗಳ ಸರ್ವರ್‌ಗಳಲ್ಲಿ ಹಂಚಿಹೋಗಿವೆ. ಒಟ್ಟು ಗಾತ್ರ ಪೆಟಾಬೈಟ್‌ಗಳ ಲೆಕ್ಕದಲ್ಲಿದೆ. ಇವನ್ನೆಲ್ಲ ಹೆಣೆದಿರುವ ಜಾಲವೇ ಅರ್ಥ್ ಸಿಸ್ಟಮ್ ಗ್ರಿಡ್ ಫೆಡರೇಶನ್, ಅಂದರೆ ಇಎಸ್‌ಜಿಎಫ್.

ಇಷ್ಟು ಡೇಟಾದಲ್ಲಿ ನನಗೆ ಬೇಕಾದ ಫೈಲ್ ಸಿಗುವುದು ಮೆಟಾಡೇಟಾದಿಂದ, ಅಂದರೆ ಡೇಟಾದ ಬಗ್ಗೆ ಬರೆದಿಟ್ಟ ವಿವರದಿಂದ ಮಾತ್ರ. ಡೇಟಾ ನೋಡ್ ಎಂಬ ಸರ್ವರ್‌ನಲ್ಲಿ ಫೈಲ್ ಇರುತ್ತದೆ. ಪ್ರಕಟಿಸುವಾಗ ಫೈಲ್‌ನ ಹೆಡರ್, ಅಂದರೆ ಅದರೊಳಗಿನ ಪರಿಚಯದ ಭಾಗ ಓದಿ, ಅದರಲ್ಲಿರುವ ವಿವರವನ್ನು ಇಂಡೆಕ್ಸ್ ಎಂಬ ಹುಡುಕು ಪಟ್ಟಿಗೆ ಕಳಿಸುತ್ತಾರೆ. ನಾವು ಹುಡುಕುವುದು ಆ ಇಂಡೆಕ್ಸ್‌ನಲ್ಲಿ. ಹೆಡರ್‌ನಲ್ಲಿ ಯಾರೋ ಶ್ರದ್ಧೆಯಿಂದ ತುಂಬಿದ ವಿವರ ಇಲ್ಲದಿದ್ದರೆ ಆ ಫೈಲ್ ಇದ್ದೂ ಇಲ್ಲದ ಹಾಗೆ.

ಸಿಎಂಐಪಿ6ರಲ್ಲಿ ಪ್ರತಿ ಡೇಟಾಸೆಟ್‌ಗೂ ಒಂದು ಉದ್ದನೆಯ ಹೆಸರಿದೆ. ಯಾವ ಸಂಸ್ಥೆ, ಯಾವ ಮಾದರಿ, ಯಾವ ಪ್ರಯೋಗ, ಎಷ್ಟನೇ ಓಟ, ದಿನದ್ದೋ ತಿಂಗಳದ್ದೋ, ಯಾವ ಅಂಶ, ಯಾವ ಆವೃತ್ತಿ, ಎಲ್ಲ ಆ ಹೆಸರಲ್ಲೇ ಇರುತ್ತದೆ. ಹುಡುಕಾಟದ ಫಿಲ್ಟರ್‌ಗಳೂ ಇವೇ. 1850ರಿಂದ 2014ರವರೆಗಿನ ಓಟ ‘ಹಿಸ್ಟಾರಿಕಲ್’. 2015ರಿಂದ 2100ರವರೆಗಿನವು ಎಸ್‌ಎಸ್‌ಪಿ245, ಎಸ್‌ಎಸ್‌ಪಿ585 ಮುಂತಾದ ಭವಿಷ್ಯದ ಸನ್ನಿವೇಶಗಳು.

ಇಲ್ಲಿ ಹೊಸಬರು ಒಂದು ವಿಷಯ ಗಮನಿಸಬೇಕು. ಓಟದ ಗುರುತು ಆರ್ (ಎಷ್ಟನೇ ಓಟ), ಐ (ಆರಂಭಿಸಿದ ವಿಧಾನ), ಪಿ (ಭೌತಿಕ ಸೂತ್ರಗಳು), ಎಫ್ (ಹೊರಗಿನ ಪ್ರಭಾವಗಳು) ಎಂಬ ನಾಲ್ಕು ಅಕ್ಷರ ಮತ್ತು ಅವುಗಳ ಅಂಕಿಗಳಲ್ಲಿದೆ. ಎಲ್ಲ ಮಾದರಿಗಳಿಂದ ಮೊದಲನೆಯ ಓಟ ಸಾಕು ಎಂದು ನಾಲ್ಕಕ್ಕೂ 1 ಹಾಕಿ ಹುಡುಕುವ ರೂಢಿ ಇದೆ. ಹಾಗೆ ಮಾಡಿದರೆ ಬ್ರಿಟನ್ನಿನ ಯುಕೆಇಎಸ್‌ಎಂ1, ಫ್ರಾನ್ಸಿನ ಸಿಎನ್‌ಆರ್‌ಎಂ-ಸಿಎಂ6-1 ಸದ್ದಿಲ್ಲದೆ ಪಟ್ಟಿಯಿಂದ ಬಿದ್ದುಹೋಗುತ್ತವೆ. ಅವುಗಳಲ್ಲಿ ಎಫ್ ಅಂಕಿ 2ರಿಂದ ಶುರು. ಆದ್ದರಿಂದ ನಾನು ಮೊದಲು ಈ ಫಿಲ್ಟರ್ ಇಲ್ಲದೆ ಹುಡುಕಿ, ಯಾವ ಮಾದರಿಗೆ ಯಾವ ಗುರುತಿದೆ ಎಂದು ಪಟ್ಟಿ ಮಾಡಿಕೊಂಡು, ಆಮೇಲೆ ಆರಿಸುತ್ತೇನೆ.

ಒಂದೇ ಡೇಟಾಸೆಟ್ ನಾಲ್ಕೈದು ನೋಡ್‌ಗಳಲ್ಲಿ ಕಾಣುವುದು ಸಾಮಾನ್ಯ. ಒಂದು ಮೂಲ, ಉಳಿದವು ನಕಲು. ಪಟ್ಟಿ ಮಾಡುವಾಗ ನಕಲು ಬೇಡ, ಇತ್ತೀಚಿನ ಆವೃತ್ತಿ ಮಾತ್ರ ಬೇಕು ಎಂದು ಕೇಳುತ್ತೇನೆ. ಇಳಿಸುವಾಗ ಮಾತ್ರ ನಕಲೇ ಒಳ್ಳೆಯದು. ಯಾವ ನೋಡ್ ವೇಗವಾಗಿ ಉತ್ತರಿಸುತ್ತದೋ ಅಲ್ಲಿಂದ ಇಳಿಸಿ, ಚೆಕ್‌ಸಮ್ (ಫೈಲ್‌ನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ತಾಳೆ ನೋಡಿದರಾಯಿತು. ತಾಳೆ ಬಂದರೆ ಯಾವ ದೇಶದಿಂದ ಬಂದರೇನು, ಅದೇ ಫೈಲ್ ಅಲ್ವಾ?

ಹಿಂಪಡೆದ ಡೇಟಾದ ಕಥೆ ಬೇರೆ. ತಪ್ಪು ಕಂಡುಬಂದರೆ ಸಂಸ್ಥೆ ಆ ಆವೃತ್ತಿಯನ್ನು ಹಿಂಪಡೆಯುತ್ತದೆ. ಫೈಲ್ ಹೋದರೂ ಅದರ ದಾಖಲೆ ‘ರಿಟ್ರಾಕ್ಟೆಡ್’ ಎಂಬ ಗುರುತಿನೊಂದಿಗೆ ಇಂಡೆಕ್ಸ್‌ನಲ್ಲಿ ಉಳಿಯುತ್ತದೆ. ಇದು ತುಂಬಾ ಒಳ್ಳೆಯ ವ್ಯವಸ್ಥೆ ಎನ್ನುವುದು ನನ್ನ ಅಭಿಪ್ರಾಯ. ಲೇಖನ ಕಳಿಸುವ ಮೊದಲು ನನ್ನಲ್ಲಿರುವ ಎಲ್ಲ ಡೇಟಾಸೆಟ್‌ಗಳ ಹೆಸರನ್ನು ಒಂದು ಸ್ಕ್ರಿಪ್ಟ್‌ನಿಂದ ಇಂಡೆಕ್ಸ್‌ಗೆ ಕೇಳಿಸಿ, ಯಾವುದಾದರೂ ಹಿಂಪಡೆದದ್ದಾ ಎಂದು ನೋಡುತ್ತೇನೆ.

ಇನ್ನು ಹೆಡರ್. ಲೆಕ್ಕಕ್ಕೆ ಕೂರುವ ಮೊದಲು ‘ಎನ್‌ಸಿಡಂಪ್’ ಎಂಬ ಆದೇಶದಿಂದ ಹೆಡರ್ ಓದುವುದು ನನ್ನ ಮೊದಲ ಕೆಲಸ. ಮಳೆಯ ಅಳತೆ ಮಿಲಿಮೀಟರ್‌ನಲ್ಲಿ ಇರುವುದಿಲ್ಲ, ಸೆಕೆಂಡಿಗೆ ಪ್ರತಿ ಚದರ ಮೀಟರಿಗೆ ಎಷ್ಟು ಕೆ.ಜಿ. ನೀರು ಎಂದು ಇರುತ್ತದೆ. 86,400ರಿಂದ ಗುಣಿಸಿದರೆ ದಿನಕ್ಕೆ ಎಷ್ಟು ಮಿ.ಮೀ. ಎಂದು ಸಿಗುತ್ತದೆ. ಆಮೇಲೆ ಕ್ಯಾಲೆಂಡರ್. ಯುಕೆಇಎಸ್‌ಎಂ1ರಲ್ಲಿ ವರ್ಷಕ್ಕೆ 360 ದಿನ, ಎಲ್ಲ ತಿಂಗಳಿಗೂ 30. ಕೆನಡಾದ ಕ್ಯಾನ್‌ಇಎಸ್‌ಎಂ5ರಲ್ಲಿ ಅಧಿಕ ವರ್ಷವೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿಗೆ ನಮ್ಮ ಲೆಕ್ಕದಲ್ಲಿ 122 ದಿನ, ಯುಕೆಇಎಸ್‌ಎಂ1ರಲ್ಲಿ 120. ಎಲ್ಲಕ್ಕೂ 122 ಹಾಕಿದರೆ ಆ ಮಾದರಿಯಲ್ಲಿ ಬೀಳದ ಎರಡು ದಿನದ ಮಳೆಯನ್ನು ನಾವೇ ಸೇರಿಸಿದ ಹಾಗಾಗುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು ‘ನಾಮಿನಲ್ ರೆಸಲ್ಯೂಷನ್’. ಮಾದರಿ ಭೂಮಿಯನ್ನು ಹಂಚಿಕೊಂಡ ಚೌಕಗಳು ಎಷ್ಟು ದೊಡ್ಡವು ಎಂದು ಅದು ಸ್ಥೂಲ ವರ್ಗಗಳಲ್ಲಿ ಹೇಳುತ್ತದೆ. ಐಐಟಿಎಂ ಮಾದರಿಯ ವಾತಾವರಣದ ಫೈಲ್‌ಗಳಲ್ಲಿ 250 ಕಿ.ಮೀ. ಎಂದಿದೆ, ಕ್ಯಾನ್‌ಇಎಸ್‌ಎಂ5ರಲ್ಲಿ 500 ಕಿ.ಮೀ. ಕ್ಯಾನ್‌ಇಎಸ್‌ಎಂ5ರ ಒಂದು ಚೌಕ ಸುಮಾರು 2.8 ಡಿಗ್ರಿ ಅಗಲ. ಅದರ ಅಕ್ಷಾಂಶ, ರೇಖಾಂಶಗಳನ್ನು ನಕ್ಷೆಯ ಮೇಲೆ ಹಾಕಿ ನೋಡಿದೆ. ಮಂಗಳೂರು, ಆಗುಂಬೆ, ಮೈಸೂರು, ಶಿರಾ ನಾಲ್ಕೂ ಒಂದೇ ಚೌಕದಲ್ಲಿ! ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಆಗುಂಬೆಗೂ, ಅದರ ಹತ್ತನೇ ಒಂದು ಪಾಲೂ ಕಾಣದ ಶಿರಾಕ್ಕೂ ಆ ಮಾದರಿ ಕೊಡುವುದು ಒಂದೇ ಅಂಕಿ. ಘಟ್ಟವೇ ಅಲ್ಲಿಲ್ಲ. ಇಡೀ ದಕ್ಷಿಣ ಏಷ್ಯಾದ ಸರಾಸರಿ ನೋಡಲು ಆ ಮಾದರಿ ಬಳಸಬಹುದು. ಆದರೆ ಅದನ್ನು ಹಿಡಿದು ‘ಶಿವಮೊಗ್ಗ ಜಿಲ್ಲೆಯ ಭವಿಷ್ಯದ ಮಳೆ’ ಎಂದು ನಕ್ಷೆ ಬಿಡಿಸುವುದು ರೈತರಿಗೆ ಮಾಡುವ ಅನ್ಯಾಯ. ಹೆಡರ್‌ನ ಒಂದೇ ಸಾಲು ಇದನ್ನೆಲ್ಲ ಮೊದಲೇ ಹೇಳಿಬಿಡುತ್ತದೆ.

ಘಟ್ಟದ ವಿವರ ಬೇಕಾದಾಗ ನಾನು ಕಾರ್ಡೆಕ್ಸ್ ಎಂಬ ಪ್ರಾದೇಶಿಕ ಮಾದರಿಗಳ ಯೋಜನೆಯ ದಕ್ಷಿಣ ಏಷ್ಯಾದ ಫೈಲ್‌ಗಳಿಗೆ ಹೋಗುತ್ತೇನೆ. ಅವೂ ಇದೇ ಗ್ರಿಡ್‌ನಲ್ಲಿವೆ. ಅವುಗಳಲ್ಲಿ ಡಬ್ಲ್ಯುಎಎಸ್-44 ಎಂದರೆ ಚೌಕದ ಅಗಲ 0.44 ಡಿಗ್ರಿ, ಸುಮಾರು 50 ಕಿ.ಮೀ. ಡಬ್ಲ್ಯುಎಎಸ್-22 ಅದರ ಅರ್ಧ. ಕರಾವಳಿಯ ಚೌಕಗಳಿಗೆ ಇನ್ನೊಂದು ಫೈಲ್ ಬೇಕು: ಚೌಕದಲ್ಲಿ ನೆಲ ಎಷ್ಟು ಶೇಕಡಾ, ಕಡಲು ಎಷ್ಟು ಎಂದು ಹೇಳುವ ‘ಎಸ್‌ಎಫ್‌ಟಿಎಲ್‌ಎಫ್’. ಕಾಲದೊಂದಿಗೆ ಬದಲಾಗದ ಅಂಶಗಳ ಗುಂಪಿನಲ್ಲಿ ಅದನ್ನು ಪ್ರತ್ಯೇಕವಾಗಿ ಹುಡುಕಬೇಕು.

ಇಳಿಸಿಕೊಂಡ ಮೇಲೆ ಜವಾಬ್ದಾರಿ ನಮ್ಮದು. ನನ್ನ ಹತ್ತಿರ ಒಂದು ಸಣ್ಣ ಎಸ್‌ಕ್ಯೂಲೈಟ್ (ಒಂದೇ ಫೈಲ್‌ನ ಡೇಟಾಬೇಸ್) ಕೋಷ್ಟಕ ಇದೆ. ಪೂರ್ಣ ಹೆಸರು, ಆವೃತ್ತಿ, ಚೆಕ್‌ಸಮ್, ಯಾವ ನೋಡ್‌ನಿಂದ ಬಂತು, ಜೊತೆಗೆ ಫೈಲ್‌ನ ‘ಟ್ರ್ಯಾಕಿಂಗ್ ಐಡಿ’. ಪ್ರತಿ ಫೈಲ್‌ಗೂ ಬೇರೆ ಬೇರೆ ಇರುವ ಈ ಗುರುತು ಅದರ ಹೆಡರ್‌ನಲ್ಲೇ ಇರುತ್ತದೆ.

ಈ ಗುರುತಿನ ಬಗ್ಗೆ ಒಂದು ಎಚ್ಚರ. ಹಲವು ಫೈಲ್‌ಗಳನ್ನು ಸಿಡಿಒ ಎಂಬ ತಂತ್ರಾಂಶ ಬಳಸಿ ಜೋಡಿಸಿದಾಗ, ಮೊದಲ ಫೈಲ್‌ನ ಹೆಡರ್ ಹೊಸ ಫೈಲ್‌ಗೆ ಹಾಗೇ ನಕಲಾಗುತ್ತದೆ, ಟ್ರ್ಯಾಕಿಂಗ್ ಐಡಿಯೂ ಸೇರಿ. ನಾವು ತಯಾರಿಸಿದ ಫೈಲ್ ಮೂಲ ಫೈಲ್‌ನ ಗುರುತು ಹೊತ್ತು ಓಡಾಡುತ್ತದೆ. ಹಾಗಾಗಿ ಜೋಡಿಸಿದ ಕೂಡಲೇ ಹೆಡರ್ ತಿದ್ದುವ ‘ಎನ್‌ಸಿಎಟೆಡ್’ನಿಂದ ಆ ಸಾಲು ಅಳಿಸಿ, ಯಾವ್ಯಾವ ಫೈಲ್‌ಗಳಿಂದ ಬಂತು ಎಂಬ ಪಟ್ಟಿಯನ್ನು ಬೇರೆ ಹೆಸರಿನ ಸಾಲಿನಲ್ಲಿ ಬರೆಯುತ್ತೇನೆ. ‘ಹಿಸ್ಟರಿ’ ಸಾಲನ್ನು ಮಾತ್ರ ಮುಟ್ಟುವುದಿಲ್ಲ. ಯಾವ ಆದೇಶ ಯಾವಾಗ ಓಡಿತು ಎಂದು ಸಿಡಿಒ ಅಲ್ಲಿ ತಾನೇ ಬರೆದಿಡುತ್ತದೆ.

ಯಾರಾದರೂ ನನ್ನ ಲೆಕ್ಕ ಪರೀಕ್ಷಿಸಬೇಕೆಂದು ಕೇಳಿದರೆ ಗಿಗಾಬೈಟ್‌ಗಟ್ಟಲೆ ಫೈಲ್ ಕಳಿಸುವುದಿಲ್ಲ. ಆ ಕೋಷ್ಟಕ ಮತ್ತು ಸ್ಕ್ರಿಪ್ಟ್‌ಗಳನ್ನು ಕಳಿಸುತ್ತೇನೆ. ಅವರು ತಮಗೆ ಹತ್ತಿರದ ನೋಡ್‌ನಿಂದ ಅವೇ ಫೈಲ್‌ಗಳನ್ನು ಇಳಿಸಿ, ಚೆಕ್‌ಸಮ್ ನೋಡಿ, ಲೆಕ್ಕ ಓಡಿಸಬಹುದು.