ಒಂದೇ ಗೋಡೆಯ ಮೇಲೆ ಮನುಷ್ಯರೂ ಮಣ್ಣೂ

ಫಿಗರ್ ಚಿತ್ರಗಳು, ಅಂದರೆ ಮನುಷ್ಯರ ಚಿತ್ರಗಳೆಲ್ಲ ಒಂದು ಗೋಡೆಗೆ, ಲ್ಯಾಂಡ್‌ಸ್ಕೇಪ್‌ಗಳೆಲ್ಲ ಇನ್ನೊಂದು ಗೋಡೆಗೆ. ಗ್ರೂಪ್ ಶೋಗಳಲ್ಲಿ ಸಾಮಾನ್ಯವಾಗಿ ಹೀಗೇ ಜೋಡಿಸುತ್ತಾರೆ. ಧಾರವಾಡ, ವಿಜಯಪುರ, ಕಲಬುರಗಿ, ಶಿರಸಿ ಕಡೆಯ ಕಲಾವಿದರು ಸೇರಿ ಧಾರವಾಡದಲ್ಲಿ ಪ್ರದರ್ಶನ ಮಾಡಿದಾಗ ಚಿತ್ರ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಎರಡನ್ನೂ ಬೆರೆಸಿಯೇ ಹಾಕೋಣ ಅಂತ ನಾನು ಹಟ ಹಿಡಿದೆ. ನಮ್ಮ ಕಡೆ ಚಿತ್ರ ಬರೆಯುವವರಿಗೆ ಹೊಲ ಬೇರೆ, ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳು ಬೇರೆ ಅಲ್ಲ. ಅವಳ ಬೆನ್ನು ಬಾಗಿರುವುದೇ ಆ ನೆಲದ ಕಡೆಗೆ. ಗೋಡೆಯ ಮೇಲೆ ಅವರನ್ನು ಯಾಕೆ ಬೇರೆ ಮಾಡಬೇಕು?

ಕರ್ನಾಟಕದ ಚಿತ್ರಕಲೆಯಲ್ಲಿ ಎರಡೂ ದಾರಿಗಳಲ್ಲಿ ದೊಡ್ಡವರು ನಡೆದಿದ್ದಾರೆ. ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳಲ್ಲಿ ಮಂಜು, ಬೆಟ್ಟ, ಬೆಳಕು, ಇವೇ ಎಲ್ಲ. ರುಮಾಲೆ ಚೆನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಮನಸಾರೆ ಬರೆದರು. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಮುಂಬೈಗೆ ಹೋದ ಕೆ.ಕೆ. ಹೆಬ್ಬಾರರ ಗೆರೆಯಲ್ಲಿ ಜನ ಕುಣಿಯುತ್ತಾರೆ, ದುಡಿಯುತ್ತಾರೆ. ನಮ್ಮ ತಂಡದಲ್ಲಿ ಹಲವರ ಗುರುಗಳ ಬೇರು ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಅವರು, ಗದಗಿನಲ್ಲಿ ಟಿ.ಪಿ. ಅಕ್ಕಿ ಅವರು ಕಟ್ಟಿದ ಕಲಾಶಾಲೆಗಳಲ್ಲಿದೆ. ಇಷ್ಟೆಲ್ಲ ಹಿಂದೆ ಇರುವಾಗ ಜೋಡಣೆಯನ್ನು ಕಾಟಾಚಾರಕ್ಕೆ ಮಾಡಲು ಮನಸ್ಸು ಬರುವುದಿಲ್ಲ.

ಮೊದಲು ಮಾಡಿದ್ದು ಚಿತ್ರಗಳನ್ನೆಲ್ಲ ಗೋಡೆಗೆ ಒರಗಿಸಿ ನೆಲದ ಮೇಲೆ ಇಟ್ಟು ನೋಡುವುದು. ಮೊಳೆ, ಸುತ್ತಿಗೆ ಆಮೇಲೆ. ಫೋನಿನಲ್ಲಿ ಫೋಟೋ ನೋಡಿ ತೀರ್ಮಾನ ಮಾಡಿದರೆ ಅಳತೆ ಗೊತ್ತಾಗಲ್ಲ, ಬಣ್ಣದ ಜೋರೂ ಗೊತ್ತಾಗಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದೊಡ್ಡ ಕ್ಯಾನ್ವಾಸ್ ಬಂದಿತ್ತು. ನೆಲದ ತುಂಬ ಕೆಂಪು, ಅದರ ನಡುವೆ ಕೂತು ತೊಟ್ಟು ಬಿಡಿಸುವ ಹೆಂಗಸರು. ಅದನ್ನು ಶಿರಸಿಯ ಅಡಿಕೆ ತೋಟದ ಜಲವರ್ಣಗಳ ಪಕ್ಕ ಇಟ್ಟ ಕೂಡಲೇ ಆ ಹಸಿರೆಲ್ಲ ಬಾಡಿಹೋಯಿತು. ತಪ್ಪು ಯಾರ ಚಿತ್ರದ್ದೂ ಅಲ್ಲ, ಅಷ್ಟು ಕೆಂಪಿನ ಎದುರು ತಿಳಿಹಸಿರು ನಿಲ್ಲುವುದಿಲ್ಲ ಅಷ್ಟೇ. ಬ್ಯಾಡಗಿಗೆ ಬಾಗಿಲಿನ ಎದುರಿನ ಗೋಡೆ ಪೂರ್ತಿ ಬಿಟ್ಟುಕೊಟ್ಟೆವು. ಜಲವರ್ಣಗಳು ಪಕ್ಕದ ಸಣ್ಣ ಗೋಡೆಗೆ ಹೋದವು, ಅಲ್ಲಿ ಬೆಳಕೂ ಕಡಿಮೆ. ಕಾಗದದ ಮೇಲಿನ ಕೆಲಸಕ್ಕೆ ಅದೇ ಒಳ್ಳೆಯದು. ವಸ್ತುಸಂಗ್ರಹಾಲಯಗಳಲ್ಲಿ ಜಲವರ್ಣಕ್ಕೆ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ), ತೈಲವರ್ಣಕ್ಕೆ 200 ಲಕ್ಸ್‌ವರೆಗೆ ಬೆಳಕು ಬಿಡುತ್ತಾರೆ. ನಮ್ಮ ಶೋ ಇದ್ದಷ್ಟು ದಿನಕ್ಕೆ ಬಣ್ಣ ಮಾಸುವುದಿಲ್ಲ ನಿಜ. ಆದರೂ ಬೇರೆಯವರ ಕೆಲಸ ನಮ್ಮ ಕೈಯಲ್ಲಿದೆ, ಅಲ್ವಾ?

ನನಗೆ ಜಾಸ್ತಿ ಸಮಯ ಹಿಡಿದದ್ದು ದಿಗಂತದ ಗೆರೆ. ಚಿತ್ರಗಳ ನಡುಮಧ್ಯ ಒಂದೇ ಎತ್ತರಕ್ಕೆ ಬರಬೇಕು ಅನ್ನುವುದು ರೂಢಿ. ನಾವು ನೆಲದಿಂದ 58 ಇಂಚು ಇಟ್ಟುಕೊಂಡೆವು. 36 ಇಂಚು ಎತ್ತರದ ಚಿತ್ರ ಅಂತಿಟ್ಟುಕೊಳ್ಳಿ. ಹಿಂದಿನ ತಂತಿಯನ್ನು ಬೆರಳಿಂದ ಎಳೆದು ಹಿಡಿದಾಗ ಅದು ಫ್ರೇಮಿನ ಮೇಲಂಚಿನಿಂದ 4 ಇಂಚು ಕೆಳಗಿದ್ದರೆ, 58ಕ್ಕೆ ಚಿತ್ರದ ಅರ್ಧ ಎತ್ತರ 18 ಕೂಡಿಸಿ 4 ಕಳೆಯಬೇಕು. ಮೊಳೆ ಬೀಳುವುದು 72 ಇಂಚಿಗೆ, ಅಂದರೆ ಸರಿಯಾಗಿ 6 ಅಡಿಗೆ. ತಂತಿಯನ್ನು ಎಳೆದೇ ಅಳೆಯಬೇಕು, ಸಡಿಲ ಬಿಟ್ಟು ಅಳೆದರೆ ಚಿತ್ರ ಕೆಳಗೆ ಕೂರುತ್ತದೆ.

ಲೆಕ್ಕ ಇಷ್ಟು ಸಲೀಸು. ಆದರೆ ಲ್ಯಾಂಡ್‌ಸ್ಕೇಪ್‌ಗಳಿಗೆ ಈ ಲೆಕ್ಕ ಸಾಲದು. ವಿಜಯಪುರದ ಕಲಾವಿದರೊಬ್ಬರು ಎರೆಭೂಮಿ ಬರೆದಿದ್ದರು. ಆಕಾಶ ಮೇಲೆ ಒಂದು ಪಟ್ಟಿಯಷ್ಟೇ, ಉಳಿದದ್ದೆಲ್ಲ ಬೇಸಿಗೆಗೆ ಬಾಯಿಬಿಟ್ಟ ಕಪ್ಪು ಮಣ್ಣು. ಕಲಬುರಗಿಯವರ ತೊಗರಿ ಹೊಲದಲ್ಲಿ ಉಲ್ಟಾ: ಹೊಲ ಕೆಳಗೆ ಒಂದಿಷ್ಟು, ಮೇಲೆಲ್ಲ ಬಿಸಿಲಿಗೆ ಬಿಳಿಚಿದ ಆಕಾಶ. ಎರಡನ್ನೂ ಅಕ್ಕಪಕ್ಕ ಹಾಕಿದರೆ ಮಧ್ಯ ಸರಿಯಾಗಿಯೇ ಇರುತ್ತದೆ, ದಿಗಂತ ಮಾತ್ರ ಒಂದರಲ್ಲಿ ತಲೆಯ ಮಟ್ಟಕ್ಕೆ, ಇನ್ನೊಂದರಲ್ಲಿ ಎದೆಯ ಮಟ್ಟಕ್ಕೆ. ಸರಿಯಾಗಿ ಕಟ್ಟದ ಮೆಟ್ಟಿಲು ಇಳಿದಂತೆ ಕಣ್ಣು ಎಡವುತ್ತದೆ.

ಇಲ್ಲಿ ಕೈಹಿಡಿದದ್ದು ಫಿಗರ್ ಚಿತ್ರಗಳೇ. ಎರಡರ ನಡುವೆ ನಿಂತ ಮನುಷ್ಯನ ಚಿತ್ರ ಒಂದನ್ನು ಇಟ್ಟೆವು. ಅಡ್ಡಗೆರೆಯ ಹಿಂದೆ ಹೋಗುತ್ತಿದ್ದ ಕಣ್ಣು ನೆಟ್ಟಗೆ ನಿಂತ ಮೈಯ ಹತ್ತಿರ ತಡೆಯುತ್ತದೆ. ಮುಖ ನೋಡಿ, ಮತ್ತೆ ಹೊಸದಾಗಿ ಹೊರಡುತ್ತದೆ. ಆ ಚಿತ್ರ ಕಂಬಳಿ ಹೊದ್ದ ಒಬ್ಬ ಮುದುಕ ಕುರುಬರದ್ದು. ಅವರು ಎಡಕ್ಕೆ ನೋಡುತ್ತಿದ್ದರು. ಗೋಡೆಯ ಎಡತುದಿಗೆ ಹಾಕಿದರೆ ಅವರ ನೋಟ ಬಾಗಿಲಾಚೆ ಹೋಗುತ್ತಿತ್ತು, ಜೊತೆಗೆ ನೋಡುಗರೂ ಹೊರಗೆ ಹೋಗುತ್ತಿದ್ದರು. ಎರೆಭೂಮಿಯನ್ನು ಅವರ ಎಡಕ್ಕೆ ತಂದೆವು. ಅವರು ತಮ್ಮದೇ ಹೊಲ ನೋಡುತ್ತ ನಿಂತಂತೆ ಕಂಡಿತು. ಆ ಎರಡು ಚಿತ್ರ ಬರೆದವರು ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಭೇಟಿಯಾಗಿಯೇ ಇರಲಿಲ್ಲ. ಜೋಡಣೆ ಮುಗಿದ ಮೇಲೆ ಇಬ್ಬರೂ ಆ ಗೋಡೆಯ ಮುಂದೆ ನಿಂತು ತುಂಬ ಹೊತ್ತು ಮಾತಾಡಿದರು.

ಗಾಜು ಹಾಕಿದ ಚಿತ್ರಗಳಿಗೆ ದೀಪವನ್ನು ನೇರ ಬಿಡಬಾರದು, ನೋಡುವವರಿಗೆ ತಮ್ಮ ಮುಖವೇ ಕಾಣುತ್ತದೆ. ಮೇಲಿನಿಂದ ಸುಮಾರು 30 ಡಿಗ್ರಿ ಓರೆ ಇಟ್ಟರೆ ಸಾಕು. ಲೇಬಲ್‌ಗಳಲ್ಲಿ ಕನ್ನಡವೇ ಮೊದಲು, ದೊಡ್ಡ ಅಕ್ಷರದಲ್ಲಿ. ಅಳತೆ ಬರೆಯುವಾಗ ಎತ್ತರ ಮೊದಲು, ಅಗಲ ಆಮೇಲೆ. ಕಲಾವಿದರ ಊರಿನ ಹೆಸರೂ ಇರಲಿ ಅಂತ ನಾನೇ ಸೇರಿಸಿದೆ. ಜನ ಮೊದಲು ಓದುತ್ತಿದ್ದದ್ದು ಅದನ್ನೇ. ಹೆಸರಿನಿಂದ ಚಿತ್ರಕ್ಕೆ, ಚಿತ್ರದಿಂದ ಊರಿಗೆ ಮಾತು ಹೊರಳುತ್ತಿತ್ತು.

ಹಾಗೆ ಓದಿಕೊಂಡೇ ಒಬ್ಬ ವಯಸ್ಸಾದ ತಾಯಿ ಬ್ಯಾಡಗಿ ಚಿತ್ರದ ಮುಂದೆ ನಿಂತರು. ಮಗಳ ಜೊತೆ ಬಂದಿದ್ದರು. ಮೆಣಸಿನಕಾಯಿ ಕೆಲಸ ಮಾಡಿದವರಂತೆ. "ತಮ್ಮಾ, ಬಣ್ಣ ಖರೇ ಐತಿ. ಆದ್ರ ದಿನಪೂರ್ತಿ ಕುಂದ್ರೋರು ಹಿಂಗ ಎರಡೂ ಕಾಲು ಮಡಚಿ ಕುಂದ್ರೂದಿಲ್ಲ, ಒಂದು ಕಾಲು ಚಾಚಿರ್ತೀವಿ" ಅಂದರು. ಚಿತ್ರ ಬರೆದ ಹುಡುಗ ಅಲ್ಲೇ ಇದ್ದ. "ಹೆಂಗ ಕುಂದ್ರತೀರಿ, ಸ್ವಲ್ಪ ತೋರಸ್ರಿ ಅವ್ವಾರ" ಅಂದ. ಅವರು ಗ್ಯಾಲರಿಯ ನೆಲದ ಮೇಲೆ ಕೂತೇಬಿಟ್ಟರು. ಇವನು ಸ್ಕೆಚ್ ಬುಕ್ ತೆಗೆದು ಬೇಗ ಬೇಗ ಗೆರೆ ಎಳೆದ. ಆ ಹಾಳೆಯನ್ನು ಅವನ ಒಪ್ಪಿಗೆ ಪಡೆದು ಮರುದಿನ ದೊಡ್ಡ ಕ್ಯಾನ್ವಾಸಿನ ಪಕ್ಕದಲ್ಲೇ ಹಾಕಿದೆವು. ಅದಕ್ಕೆ ಬೆಲೆ ಕೇಳಿದವರಿದ್ದರು, ಅವನು ಕೊಡಲಿಲ್ಲ. ಶೋ ಮುಗಿದ ಮೇಲೆ ಆ ತಾಯಿಗೇ ತಲುಪಿಸಿದ.