ಎಕೆ ಖಾಲಿ ಮಾಡಲು ಕಲಿತದ್ದು

ವಿಶ್ವಸಂಸ್ಥೆಯ ಶಾಂತಿಪಡೆಯ ನೀಲಿ ಹೆಲ್ಮೆಟ್ ಹಾಕಿಕೊಂಡು ಕಾಂಗೋದ ಗೋಮಾ ಕಡೆ ಒಂದು ವರ್ಷ ಇದ್ದೆ. 1998ರಲ್ಲಿ ಹೊತ್ತಿಕೊಂಡ ದೊಡ್ಡ ಯುದ್ಧ 2003ರಲ್ಲಿ ಕಾಗದದ ಮೇಲೆ ಮುಗಿದಿತ್ತು, ಕಾಡಿನಲ್ಲಿದ್ದ ಬಂದೂಕುಗಳು ಅಲ್ಲೇ ಇದ್ದವು. ಶರಣಾಗಿ ಬಂದವರಿಂದ ಅವನ್ನು ಇಸಕೊಂಡು, ಖಾಲಿ ಮಾಡಿ, ನಂಬರ್ ಬರೆದಿಡೋದು ನಮ್ಮ ಕೆಲಸ.

ಬಂದದ್ದೆಲ್ಲ ಹೆಚ್ಚುಕಡಿಮೆ ಎಕೆ-47 ಜಾತಿಯ ರೈಫಲ್. ಕಾಶ್ಮೀರ ಮುಗಿಸಿ ಬಂದವರಿಗೆ ಅದು ಹಳೇ ಪರಿಚಯ. ನಾನು ಆ ಕಡೆ ಹೋದವನೇ ಅಲ್ಲ, ನನ್ನ ಕೈ ಪಳಗಿದ್ದು ನಮ್ಮ ಸೇನೆಯ ಇನ್ಸಾಸ್ ರೈಫಲ್‌ಗೆ. ಹತಿಯಾರ ಕಲಿಸುವ ಉಸ್ತಾದರು ಎರಡು ದಿನ ಖೋಲ್ನಾ-ಜೋಡ್ನಾ ಮಾಡಿಸಿದರು. ಬಿಚ್ಚಿ ಜೋಡಿಸೋದು ಸಲೀಸು. ಕಷ್ಟ ಇದ್ದದ್ದು ಹೆಬ್ಬೆರಳಿನದು. ಗುಂಡು ಹಾರದಂತೆ ತಡೆಯುವ ಸೇಫ್ಟಿ ಇನ್ಸಾಸ್‌ನಲ್ಲಿ ಎಡಕ್ಕಿತ್ತು, ಅದನ್ನು ಹುಡುಕಿಕೊಂಡು ಹೆಬ್ಬೆರಳು ಎಡಕ್ಕೇ ಹೋಗುತ್ತಿತ್ತು. ಎಕೆಯಲ್ಲಿ ಸೇಫ್ಟಿ ಅಂದರೆ ಬಲಕ್ಕಿರುವ ಉದ್ದನೆಯ ತಗಡು. ಮೇಲಿದ್ದರೆ ಬಂದ್. ಒಂದು ಮೆಟ್ಟಿಲು ಇಳಿಸಿದರೆ ಒಂದೊಂದೇ ಗುಂಡಿನ ಸಿಂಗಲ್ ಅಲ್ಲ, ಒತ್ತಿ ಹಿಡಿದಷ್ಟೂ ಹಾರುವ ಆಟೋಮ್ಯಾಟಿಕ್! ಸಿಂಗಲ್ ಇರೋದು ತೀರಾ ಕೆಳಗೆ. ಮತ್ತೊಂದು ಪೇಚು: ಸೇಫ್ಟಿ ಹಾಕಿದ್ದರೆ, ಗುಂಡನ್ನು ಒಳಗೆ ತಳ್ಳುವ, ಹೊರಗೆಳೆಯುವ ಬೋಲ್ಟ್ ಪೂರ್ತಿ ಹಿಂದೆ ಬರೋದಿಲ್ಲ. ಖಾಲಿ ಮಾಡಬೇಕಾದರೂ ಸೇಫ್ಟಿ ಇಳಿಸಲೇಬೇಕು, ಅದೂ ಬಂದೂಕು ಕೊಟ್ಟವನ ಕಣ್ಣೆದುರೇ.

ಮೊದಲ ವಾರವೇ ಎಡವಟ್ಟಾಯಿತು. ಒಬ್ಬ ಹುಡುಗ, ಹದಿನೆಂಟು ಆಗಿತ್ತೋ ಇಲ್ಲವೋ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದ ಎಕೆ ಕೊಟ್ಟ. ತಾಳೆ ಎಣ್ಣೆಯ ವಾಸನೆ. ಮರಳು ಮೂಟೆ ಕಡೆ ನಳಿಗೆ ತಿರುಗಿಸಿ ಕಾಕ್ ಮಾಡಿದೆ, ಅಂದರೆ ಬೋಲ್ಟ್ ಹಿಂದಕ್ಕೆಳೆದು ಬಿಟ್ಟೆ, ಒಂದು ಗುಂಡು ಹೊರಗೆ ಚಿಮ್ಮಿ ಕೆಳಗೆ ಬಿತ್ತು. ಆಮೇಲೆ ಗುಂಡು ತುಂಬಿದ ಮ್ಯಾಗಜೀನ್ ತೆಗೆದೆ. ಮುಗಿಯಿತು ಅಂತ ಕೆಳಗಿಡಲು ಹೋದರೆ ಹುಡುಗ ಎರಡೂ ಕೈ ಮುಂದೆ ಮಾಡಿ, 'ಪೋಲೆ ಪೋಲೆ' ಅಂದ. ಸ್ವಾಹಿಲಿಯಲ್ಲಿ ನಿಧಾನ ಅಂತ. ಆಮೇಲೆ ನಳಿಗೆಯ ಬುಡದಲ್ಲಿ ಗುಂಡು ಕೂರುವ ಜಾಗ, ಚೇಂಬರ್, ಬೆರಳಲ್ಲಿ ತೋರಿಸಿದ. ಬೋಲ್ಟ್ ಎಳೆದು ನೋಡುತ್ತೇನೆ, ಇನ್ನೊಂದು ಗುಂಡು ಒಳಗೇ ಕೂತಿದೆ. ಬೋಲ್ಟ್ ಮುಂದೆ ಹೋಗುವಾಗ ಮ್ಯಾಗಜೀನಿನಿಂದ ಮತ್ತೊಂದನ್ನು ನಾನೇ ತುಂಬಿದ್ದೆ. ಮೊದಲು ಮ್ಯಾಗಜೀನ್, ಆಮೇಲೆ ಕಾಕ್: ಹೊಸದಾಗಿ ಭರ್ತಿಯಾದ ರಂಗರೂಟನಿಗೂ ಗೊತ್ತಿರುವ ಪಾಠ, ಹೊಸ ಹತಿಯಾರದ ಗಾಬರಿಯಲ್ಲಿ ತಲೆಕೆಳಗಾಗಿತ್ತು.

ಅವತ್ತು ರಾತ್ರಿ ಟೆಂಟಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಖಾಲಿ ಎಕೆ ಮೇಲೆ ನೂರು ಸಲ ಮಾಡಿದೆ. ಮ್ಯಾಗಜೀನ್, ಸೇಫ್ಟಿ, ಎರಡು ಸಲ ಕಾಕ್, ಕಿರುಬೆರಳು ಚೇಂಬರಿಗೆ. ಕತ್ತಲಲ್ಲಿ ಕಣ್ಣಿಗಿಂತ ಕಿರುಬೆರಳು ವಾಸಿ.

ಆರ್‌ಪಿಜಿ ರಾಕೆಟ್ಟು, ಗ್ರೆನೇಡು ಬಂದರೆ ಮುಟ್ಟುತ್ತಿರಲಿಲ್ಲ, ಅದಕ್ಕೆ ಬೇರೆಯವರಿದ್ದರು.

ಆ ಹುಡುಗನಿಗೆ ಚಹಾ ಕೊಟ್ಟೆವು. ನಾಲ್ಕು ಚಮಚ ಸಕ್ಕರೆ ಹಾಕಿಸಿಕೊಂಡ.