ಸಿಹಿ ವೈನ್ ಪೀಪಾಯಿಯಲ್ಲಿ ಮಾಗಿದ ವಿಸ್ಕಿ: ನಾನು ರುಚಿ ನೋಡುವ ಬಗೆ

ಬಾಟಲಿ ಸ್ಕಾಟ್ಲೆಂಡಿನ ಗ್ಲೆನ್‌ಮೊರಂಜಿ ಕಂಪನಿಯ ನೆಕ್ಟರ್ ಡೋರ್, 12 ವರ್ಷದ್ದು, ಆಲ್ಕೋಹಾಲ್ 46%. ಹತ್ತು ವರ್ಷ ಬರ್ಬನ್ (ಅಮೆರಿಕದ ವಿಸ್ಕಿ) ಇದ್ದ ಪೀಪಾಯಿಯಲ್ಲಿ ಕಳೆದು, ಆಮೇಲೆ ಫ್ರಾನ್ಸಿನ ಸೊಟರ್ನ್ ವೈನ್ ಇದ್ದ ಪೀಪಾಯಿಗೆ ಬಂದ ವಿಸ್ಕಿ ಇದು. ಸೊಟರ್ನ್ ಅಂದರೆ ಬೂಷ್ಟು ಹಿಡಿದು ಸೊರಗಿದ ದ್ರಾಕ್ಷಿಯ ವೈನ್. ನೀರು ಆರಿ ಸಕ್ಕರೆ ಗಟ್ಟಿಯಾಗಿರುತ್ತದೆ, ಅದಕ್ಕೇ ಅಷ್ಟು ಸಿಹಿ. 'ಹಾಗಾದ್ರೆ ವಿಸ್ಕಿನೂ ಶರಬತ್ತು ಥರಾನಾ?' ಅಂತ ಮೂಗು ಮುರಿಯುವವರಿದ್ದಾರೆ. ಇಲ್ಲ. ಪೀಪಾಯಿಯಿಂದ ಬರುವುದು ಬಹುಪಾಲು ಪರಿಮಳ, ಸಿಹಿ ಅನ್ನಿಸುವುದು ಮೂಗಿನ ಕರಾಮತ್ತು.

ಅದಕ್ಕೇ ಐಸ್ ಹಾಕುವುದಿಲ್ಲ. ತಣ್ಣಗಾದರೆ ಪರಿಮಳ ಏಳುವುದೇ ಇಲ್ಲ, ಮತ್ತೆ ಅಷ್ಟು ದುಡ್ಡು ಕೊಟ್ಟು ಏನು ಪ್ರಯೋಜನ? ಬಾಯಿ ಕಿರಿದಾದ ಗ್ಲಾಸಿಗೆ 30 ಎಂಎಲ್ ಹಾಕಿ ಸ್ವಲ್ಪ ಹೊತ್ತು ಸುಮ್ನೆ ಬಿಡುತ್ತೇನೆ. ಮೂಸುವಾಗ ಬಾಯಿ ತುಸು ತೆರೆದಿರಬೇಕು, ಇಲ್ಲದಿದ್ದರೆ ಮೂಗಿಗೆ ಆಲ್ಕೋಹಾಲ್ ಘಾಟು ಮಾತ್ರ. ಮೊದಲು ಬಂದದ್ದು ನಿಂಬೆ ಸಿಪ್ಪೆ, ವೆನಿಲಾ. ಅದು ಬರ್ಬನ್ ಪೀಪಾಯಿಯ ಕೊಡುಗೆ. ಅದರ ಹಿಂದೆಯೇ ಇನ್ನೊಂದು: ಕೇಸರಿಬಾತಿಗೆ ಅಂತ ತುಪ್ಪದಲ್ಲಿ ಹುರಿಯುವಾಗ ಬಾಂಡ್ಲೆಯಲ್ಲಿ ದುಂಡಗೆ ಉಬ್ಬುತ್ತಲ್ಲ, ಆ ಒಣದ್ರಾಕ್ಷಿಯ ವಾಸನೆ. ಸೊಟರ್ನ್ ಸಿಕ್ಕಿದ್ದು ಅಲ್ಲೇ.

ಸಣ್ಣ ಗುಟುಕು ತಗೊಂಡು ನಾಲಿಗೆ ಮೇಲೆ ಹೊರಳಿಸಿದೆ. ಜೇನು, ಆಮೇಲೆ ಶುಂಠಿಯ ಚುರುಕು, ನುಂಗಿದ ಮೇಲೆ ಜಾಯಿಕಾಯಿ. ಕೊನೆಯಲ್ಲಿ ಓಕ್ ಮರದ ತೆಳು ಒಗರು, ಅದಿಲ್ಲದಿದ್ದರೆ ನನಗೆ ಇದು ಬೇಗ ಬೇಜಾರಾಗುತ್ತಿತ್ತು. ಚಮಚದಲ್ಲಿ ಕೆಲವೇ ಹನಿ ನೀರು ಬಿಟ್ಟಾಗ ಘಾಟು ಇಳಿದು ಹಣ್ಣು ಮುಂದೆ ಬಂತು. ಇನ್ನೂ ಸುರಿದರೆ ಸಪ್ಪೆ.

ನಮ್ಮ ಬೆಂಗಳೂರಿನ ಅಮೃತ್‌ನವರ ಪೋರ್ಟೊನೋವಾ ಇದೇ ಜಾತಿ, ಆದರೆ ಪೋರ್ಟ್ (ಪೋರ್ಚುಗಲ್ಲಿನ ಸಿಹಿ ವೈನ್) ಪೀಪಾಯಿ ಮತ್ತು 62.1%. ನೀರಿಲ್ಲದೆ ಅದರ ತಂಟೆಗೆ ಹೋಗಬೇಡಿ. ಎರಡನ್ನೂ ಒಂದೇ ಸಂಜೆ ಇಟ್ಟುಕೊಂಡರೆ ನೆಕ್ಟರ್ ಡೋರ್ ಮೊದಲಿರಲಿ, ಪೋರ್ಟೊನೋವಾ ಆದ ಮೇಲೆ ಇದರ ನಯ ಗೊತ್ತೇ ಆಗುವುದಿಲ್ಲ. ನೆಂಚಿಕೊಳ್ಳಲು ಮಸಾಲೆ ಕಡಲೆಬೀಜ ಬೇಡ, ಉಪ್ಪು ಹಾಕದ ಬಾದಾಮಿ ಸಾಕು.